ಗುಲ್ಮಾರ್ಗಿಗೆ ಸ್ಕೀ ಮಾಡಲು ಹೊರಟಿದ್ದೀರಾ? ಹಿಮದ ಮುನ್ಸೂಚನೆ ಓದುವುದು ಹೀಗೆ

ಮೊದಲ ಸಲ ಗುಲ್ಮಾರ್ಗಿಗೆ ಸ್ಕೀ ಕಲಿಯಲು ಹೊರಟಾಗ ನನ್ನ ಫೋನಿನ ಆ್ಯಪ್ ನಾಲ್ಕೂ ದಿನ ಹಿಮದ ಚಿತ್ರ ತೋರಿಸುತ್ತಿತ್ತು. ಬೆಂಗಳೂರಿನ ಮನೆಯಲ್ಲಿ ಕೂತು ಅದನ್ನು ನೋಡಿ ಕುಣಿದಿದ್ದೆ. ಹೋಗಿ ನೋಡಿದರೆ ಮೊದಲ ದಿನ ಸುರಿದದ್ದು ಮಳೆ ಬೆರೆತ ಹಿಮ. ಜಾಕೆಟ್ಟು, ಸಾಕ್ಸು ಎಲ್ಲ ಒದ್ದೆ. ಎರಡನೇ ದಿನ ದಪ್ಪಗೆ ಹಿಮ ಬಿತ್ತು, ಆದರೆ ಎದುರಿಗಿದ್ದ ಮರವೂ ಕಾಣದಷ್ಟು ಮಸುಕು. ಮೂರನೇ ದಿನ ಆಕಾಶ ತೊಳೆದ ಹಾಗಿತ್ತು, ಬಿಸಿಲು ಫಳಫಳ. ಮೇಲಿನ ಗೊಂಡೋಲಾ (ಬೆಟ್ಟ ಹತ್ತಿಸುವ ಕೇಬಲ್ ಕಾರು) ಮಾತ್ರ ಗಾಳಿಗೆ ಬಂದ್. ನಾಲ್ಕನೇ ದಿನ ವಾಪಸ್ ಫ್ಲೈಟು.

ಆ್ಯಪ್ ಸುಳ್ಳು ಹೇಳಿರಲಿಲ್ಲ. ನನಗೆ ಅದನ್ನು ಓದಲು ಬರುತ್ತಿರಲಿಲ್ಲ, ಅಷ್ಟೇ.

ನಮಗೆ ಮಳೆ ಗೊತ್ತು. ಮಳೆ ಬಿತ್ತು, ಹರಿದು ಹೋಯಿತು, ಅಲ್ಲಿಗೆ ಮುಗಿಯಿತು. ಹಿಮದ ಕತೆ ಬಿದ್ದ ಮೇಲೇ ಶುರು. ಅದು ಕೂರುತ್ತದೆ, ಕುಗ್ಗುತ್ತದೆ. ಗಾಳಿ ಅದನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿಯುತ್ತದೆ. ಬಿಸಿಲು ಮೇಲ್ಪದರ ಕರಗಿಸಿದರೆ ರಾತ್ರಿಯ ಚಳಿ ಅದನ್ನೇ ಗಾಜು ಮಾಡುತ್ತದೆ. ಹಾಗಾಗಿ ಸ್ಕೀ ಮಾಡುವವರು ಎರಡು ಪ್ರಶ್ನೆ ಬೇರೆ ಬೇರೆ ಕೇಳಬೇಕು: ಯಾವ ಎತ್ತರದಲ್ಲಿ ಏನು ಬೀಳುತ್ತದೆ? ಬಿದ್ದದ್ದು ಈಗ ಯಾವ ಸ್ಥಿತಿಯಲ್ಲಿದೆ?

ಅದಕ್ಕೂ ಮೊದಲು ಭಾಷೆಯ ಒಂದು ತೊಡಕು. ನಮ್ಮಲ್ಲಿ ‘ಮಂಜು’ ಅಂದರೆ ಮಡಿಕೇರಿಯ ಬೆಳಗಿನ ಮುಸುಕೂ ಹೌದು, ಕಾಶ್ಮೀರದ ಬಿಳಿ ರಾಶಿಯೂ ಹೌದು. ಆ್ಯಪನ್ನು ಕನ್ನಡದಲ್ಲಿ ಇಟ್ಟುಕೊಂಡವರು ‘ಮಂಜು’ ಅಂತ ಕಂಡರೆ ಪಕ್ಕದ ಚಿತ್ರವನ್ನೂ ನೋಡಿ. ಅಡ್ಡಗೆರೆಗಳಿದ್ದರೆ ಮುಸುಕು, ನಕ್ಷತ್ರದಂಥ ಹರಳಿದ್ದರೆ ಹಿಮ. ‘ಹಿಮಪಾತ’ದ್ದೂ ಇದೇ ಪಾಡು. 2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್‌ನಲ್ಲಿ ಹಿಮದಡಿ ಸಿಲುಕಿದಾಗ ಈ ಪದ ನಮ್ಮ ಮನೆಮನೆಯಲ್ಲೂ ಕೇಳಿಬಂತು. ಅಲ್ಲಿ ಆದದ್ದು ಹಿಮ ಬಿದ್ದದ್ದಲ್ಲ, ಗುಡ್ಡೆಯೇ ಜಾರಿದ್ದು. ಈ ಲೇಖನದಲ್ಲಿ ಆಕಾಶದಿಂದ ಬೀಳುವುದಕ್ಕೆ ಹಿಮಪಾತ ಅಂತಲೂ, ಇಳಿಜಾರಿನಿಂದ ಕುಸಿಯುವುದಕ್ಕೆ ಹಿಮಕುಸಿತ ಅಂತಲೂ ಬರೆಯುತ್ತೇನೆ.

ಹೆಜ್ಜೆ 1: ಮೂರು ಎತ್ತರ ಬಾಯಿಪಾಠ ಮಾಡಿ

ಗುಲ್ಮಾರ್ಗ್ ಊರು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಮೊದಲ ಹಂತ, ಅಲ್ಲಿನವರ ಬಾಯಲ್ಲಿ ‘ಫೇಸ್ 1’, ಕೊಂಗ್‌ಡೂರಿಗೆ ಮುಟ್ಟಿಸುತ್ತದೆ. ಅದು ಸುಮಾರು 3,100 ಮೀಟರ್. ‘ಫೇಸ್ 2’ ಅಫರ್ವಾತ್ ಬೆಟ್ಟದ ಹೆಗಲಿಗೆ, ಸುಮಾರು 3,950 ಮೀಟರಿಗೆ ಕರೆದೊಯ್ಯುತ್ತದೆ. ಊರಿಗೂ ತುದಿಗೂ 1,300 ಮೀಟರ್ ಅಂತರ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಚಳಿ ಜಾಸ್ತಿ. ಅಂದರೆ ಊರಲ್ಲಿ ಸೊನ್ನೆ ಇದ್ದಾಗ ತುದಿಯಲ್ಲಿ ಮೈನಸ್ 8ರ ಆಸುಪಾಸು.

ಫೋನಿನ ಜೊತೆ ಬರುವ ಮಾಮೂಲಿ ಹವಾಮಾನ ಆ್ಯಪ್ ‘ಗುಲ್ಮಾರ್ಗ್’ ಅಂತ ಒಂದೇ ಅಂಕಿ ಕೊಡುತ್ತದೆ. ಅದು ಯಾವ ಎತ್ತರದ್ದು? ಎಷ್ಟೋ ಸಲ ಯಾವುದರದ್ದೂ ಅಲ್ಲ. ಹವಾಮಾನದ ಕಂಪ್ಯೂಟರ್ ಮಾಡೆಲ್‌ಗಳು ನೆಲವನ್ನು ಚೌಕ ಚೌಕವಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಯುರೋಪಿನ ಮಾಡೆಲಿನ ಚೌಕ ಸುಮಾರು 9 ಕಿ.ಮೀ., ಅಮೆರಿಕದ ಜಿಎಫ್‌ಎಸ್‌ನದು ಇನ್ನೂ ದೊಡ್ಡದು. ಅಷ್ಟು ದೊಡ್ಡ ಚೌಕದಲ್ಲಿ ಬೆಟ್ಟ, ಕಣಿವೆ ಎಲ್ಲ ಸವೆದು ಒಂದೇ ಮಟ್ಟದ ದಿಣ್ಣೆ ಆಗಿಬಿಡುತ್ತವೆ. ಶಿವಮೊಗ್ಗದ ಮಳೆ ನೋಡಿ ಆಗುಂಬೆಗೆ ಛತ್ರಿ ಬೇಡ ಅಂದ ಹಾಗೆ ಆಗುತ್ತದೆ.

ಅದಕ್ಕೆ ತಳ, ನಡು, ತುದಿ ಅಂತ ಮೂರು ಎತ್ತರಕ್ಕೂ ಬೇರೆ ಬೇರೆ ಅಂಕಿ ಕೊಡುವ ಸ್ಕೀ ಮುನ್ಸೂಚನೆ ತಾಣಗಳನ್ನು ನೋಡಿ. ಅದರಲ್ಲೂ ನಿಮಗೆ ಬೇಕಾದ ಸಾಲು ಯಾವುದು ಅಂತ ಮೊದಲೇ ತೀರ್ಮಾನಿಸಿ. ಮೊದಲ ಸಲ ಸ್ಕೀ ಕಾಲಿಗೆ ಕಟ್ಟುವವರು ಅಫರ್ವಾತಿನ ಅಂಕಿ ನೋಡಿ ಖುಷಿಪಟ್ಟು ಪ್ರಯೋಜನವಿಲ್ಲ. ನೀವು ಬೀಳುತ್ತಾ ಏಳುತ್ತಾ ಕಲಿಯುವುದು ಊರಿನ ಬಯಲಿನ ಇಳಿಜಾರಿನಲ್ಲಿ. ತುದಿಯಲ್ಲಿ ಎರಡು ಮೀಟರ್ ಹಿಮ ಇದ್ದು ಊರಲ್ಲಿ ಹುಲ್ಲು ಇಣುಕುತ್ತಿದ್ದರೆ ನಿಮ್ಮ ಪಾಲಿಗೆ ಹಿಮ ಇಲ್ಲ ಅಂತಲೇ ಲೆಕ್ಕ.

ಹೆಜ್ಜೆ 2: ‘ಫ್ರೀಜಿಂಗ್ ಲೆವೆಲ್’ ಹುಡುಕಿ

ಇಡೀ ಮುನ್ಸೂಚನೆಯಲ್ಲಿ ಒಂದೇ ಒಂದು ಅಂಕಿ ನೋಡಲು ಬಿಟ್ಟರೆ ನಾನು ನೋಡುವುದು ಇದನ್ನೇ. ಗಾಳಿಯ ಉಷ್ಣತೆ ಸೊನ್ನೆ ಆಗುವ ಎತ್ತರವೇ ಫ್ರೀಜಿಂಗ್ ಲೆವೆಲ್. ಅದಕ್ಕಿಂತ ಮೇಲೆ ಹಿಮ ಅನ್ನುವುದರಲ್ಲಿ ಅನುಮಾನವಿಲ್ಲ. ಕೆಳಗೆ? ಬೀಳುವ ಹರಳು ತಕ್ಷಣ ಕರಗುವುದಿಲ್ಲ, ಇನ್ನಷ್ಟು ಕೆಳಗಿಳಿದು ಬರುತ್ತದೆ. ಹಾಗಾಗಿ ಹಿಮ ಮಳೆಯಾಗುವ ಗೆರೆ ಸಾಮಾನ್ಯವಾಗಿ ಫ್ರೀಜಿಂಗ್ ಲೆವೆಲಿಗಿಂತ ಒಂದು 300 ಮೀಟರ್ ಕೆಳಗಿರುತ್ತದೆ. ಜೋರಾಗಿ ಸುರಿಯುತ್ತಿದ್ದರೆ ಇನ್ನೂ ಸ್ವಲ್ಪ ಇಳಿಯುತ್ತದೆ.

ಗುಲ್ಮಾರ್ಗ್ ಲೆಕ್ಕ ಸುಲಭ. ಫ್ರೀಜಿಂಗ್ ಲೆವೆಲ್ 2,000 ಮೀಟರಿನ ಹತ್ತಿರವೋ ಕೆಳಗೋ ಇದ್ದರೆ ಊರಿಗೂ ಒಳ್ಳೆಯ ಒಣ ಹಿಮ. 2,500 ಅಂದರೆ ಊರಲ್ಲಿ ಒದ್ದೆ ಹಿಮ, ಹಿಂಡಿದರೆ ನೀರು. 2,900 ದಾಟಿದರೆ ಊರಲ್ಲಿ ಮಳೆ–ಹಿಮ ಎರಡರ ಕಲಸುಮೇಲೋಗರ. ಮಾರ್ಚಿನಲ್ಲಿ ಇದು ಜಾಸ್ತಿ.

ಹೆಜ್ಜೆ 3: ಮಿಲಿಮೀಟರನ್ನು ಸೆಂಟಿಮೀಟರ್ ಮಾಡಿ

ಮಾಡೆಲ್‌ಗಳು ಲೆಕ್ಕ ಹಾಕುವುದು ನೀರನ್ನು. ಎಷ್ಟು ಮಿ.ಮೀ. ನೀರಿಗೆ ಎಷ್ಟು ಸೆಂ.ಮೀ. ಹಿಮ ಅನ್ನುವುದು ಚಳಿಯ ಮೇಲೆ ನಿಂತಿದೆ. ಸಾಧಾರಣ ಲೆಕ್ಕ ಒಂದಕ್ಕೆ ಹತ್ತು: 10 ಮಿ.ಮೀ. ನೀರು, 10 ಸೆಂ.ಮೀ. ಹಿಮ. ಸೊನ್ನೆಯ ಹತ್ತಿರ ಬಿದ್ದರೆ ಐದರಿಂದ ಎಂಟು ಪಟ್ಟು ಅಷ್ಟೇ. ಇಡ್ಲಿ ಹಿಟ್ಟಿನ ಹಾಗೆ ಭಾರ. ಕೊರೆಯುವ ಚಳಿಯಲ್ಲಿ ಹದಿನೈದು, ಕೆಲವೊಮ್ಮೆ ಇಪ್ಪತ್ತು ಪಟ್ಟು ಉಬ್ಬುತ್ತದೆ, ಹೊಸದಾಗಿ ಎಕ್ಕಿದ ಹತ್ತಿಯ ಹಾಗೆ. ಸ್ಕೀಯವರು ಹಂಬಲಿಸುವ ‘ಪೌಡರ್’ ಇದೇ.

ಒಂದು ಎಚ್ಚರಿಕೆ. ನಮ್ಮ ಹವಾಮಾನ ಇಲಾಖೆ ಮಳೆಯನ್ನೂ ಸೆಂಟಿಮೀಟರಿನಲ್ಲಿ ಹೇಳುತ್ತದೆ. ‘2 ಸೆಂ.ಮೀ.’ ಅಂತ ಕಂಡರೆ ಅದು ನೀರಿನ ಲೆಕ್ಕವೋ ಹಿಮದ ಲೆಕ್ಕವೋ ನೋಡಿಕೊಳ್ಳಿ. ನೀರಿನದಾದರೆ ಅಲ್ಲಿ ಸುಮಾರು 20 ಸೆಂ.ಮೀ. ಹಿಮ ಬಿದ್ದಿರಬಹುದು. ಶ್ರೀನಗರದ ಪತ್ರಿಕೆಗಳು ಇಂಚು, ಅಡಿಯಲ್ಲೂ ಬರೆಯುತ್ತವೆ. ಒಂದು ಇಂಚಿಗೆ ಎರಡೂವರೆ ಸೆಂ.ಮೀ. ಅಂತ ಗುಣಿಸಿಕೊಂಡರಾಯಿತು. ‘ಕಳೆದ 24 ಗಂಟೆಯಲ್ಲಿ’ ಅಂತ ಇಲಾಖೆ ಹೇಳುವುದು ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆಯವರೆಗಿನ ಲೆಕ್ಕ. ಅದಾದ ಮೇಲೆ ಬಿದ್ದದ್ದು ಅದರಲ್ಲಿ ಇರುವುದಿಲ್ಲ.

ಒಂದು ಮುನ್ಸೂಚನೆಯನ್ನು ಕೂತು ಬಿಡಿಸೋಣ

ಹೀಗೊಂದು ಮುನ್ಸೂಚನೆ ಇದೆ ಅಂದುಕೊಳ್ಳಿ. ಮಂಗಳವಾರ ಹಗಲು: 18 ಮಿ.ಮೀ., ಫ್ರೀಜಿಂಗ್ ಲೆವೆಲ್ 2,900 ಮೀಟರ್. ಮಂಗಳವಾರ ರಾತ್ರಿ: 12 ಮಿ.ಮೀ., ಫ್ರೀಜಿಂಗ್ ಲೆವೆಲ್ 1,800ಕ್ಕೆ ಇಳಿಕೆ. ಬುಧವಾರ: ನಿಚ್ಚಳ ಆಕಾಶ, ತುದಿಯಲ್ಲಿ ಮೈನಸ್ 15, ಗಾಳಿ ಗಂಟೆಗೆ 40 ಕಿ.ಮೀ.

ಮಾಮೂಲಿ ಆ್ಯಪ್ ಇದನ್ನು ‘ಮಂಗಳವಾರ 30 ಸೆಂ.ಮೀ. ಹಿಮ, ಬುಧವಾರ ಬಿಸಿಲು’ ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ನಾವು ಬಿಡಿಸೋಣ.

ಹಗಲು ಹಿಮ ಮಳೆಯಾಗುವ ಗೆರೆ 2,600ರ ಹತ್ತಿರ. ಊರು 2,650. ಅಂದರೆ ಊರು ಗೆರೆಯ ಮೇಲೇ ಕೂತಿದೆ. ಬೀಳುವುದು ಕೆಸರಿನಂಥದ್ದು. ಕೊಂಗ್‌ಡೂರಿಯಲ್ಲಿ ಮೈನಸ್ ಒಂದು ಚಿಲ್ಲರೆ, ಎಂಟು ಪಟ್ಟು ಹಿಡಿದರೆ 14 ಸೆಂ.ಮೀ. ಭಾರದ ಹಿಮ. ತುದಿ ಫ್ರೀಜಿಂಗ್ ಲೆವೆಲಿಗಿಂತ 1,050 ಮೀಟರ್ ಮೇಲಿದೆ, ಅಲ್ಲಿ ಮೈನಸ್ 7. ಹನ್ನೆರಡು ಪಟ್ಟು ಹಿಡಿದರೆ 22 ಸೆಂ.ಮೀ.

ರಾತ್ರಿ ಚಳಿ ಹೆಚ್ಚಿತು. ಊರಲ್ಲಿ ಮೈನಸ್ ಐದೂವರೆ: 12 ಮಿ.ಮೀ. ನೀರು ಹನ್ನೆರಡು ಪಟ್ಟು ಉಬ್ಬಿ 14 ಸೆಂ.ಮೀ. ಕೊಂಗ್‌ಡೂರಿಯಲ್ಲಿ ಇನ್ನೂ ಚಳಿ, ಒಂದು 16. ತುದಿಯಲ್ಲಿ ಮೈನಸ್ 14, ಹದಿನೈದು ಪಟ್ಟು, 18 ಸೆಂ.ಮೀ.

ಒಟ್ಟು ಲೆಕ್ಕ: ತುದಿಗೆ 40, ನಡುವಿಗೆ 30, ಊರಿಗೆ 14. ಊರಿನ ಆ 14ರ ಕೆಳಗೆ ಹಗಲು ಬಿದ್ದ ಕೆಸರು ರಾತ್ರಿ ಗಟ್ಟಿಯಾಗಿ ಮಂಜುಗಡ್ಡೆಯ ಹಲಗೆ ಆಗಿದೆ. ಮೇಲೆ ಮೃದು ಅಂತ ನಂಬಿ ತಿರುಗಲು ಹೋದರೆ ಸ್ಕೀಯ ಅಂಚು ಹಲಗೆಗೆ ತಾಗಿ ಕರ್ ಅನ್ನುತ್ತದೆ, ನೀವು ಸೊಂಟದ ಮೇಲೆ ಕೂತಿರುತ್ತೀರಿ. ಎತ್ತರಕ್ಕೆ ಹೋದ ಹಾಗೆ ಬೀಳುವ ನೀರೂ ಸಾಮಾನ್ಯವಾಗಿ ಹೆಚ್ಚುತ್ತದೆ. ಅದನ್ನು ಇಲ್ಲಿ ಸೇರಿಸಿಲ್ಲ, ಲೆಕ್ಕ ಸುಲಭವಾಗಲಿ ಅಂತ.

ಈ ಉದಾಹರಣೆಯಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಮೊದಲು ಭಾರದ ಹಿಮ, ಆಮೇಲೆ ಹಗುರದ್ದು. ಸಂತೆ ಚೀಲ ತುಂಬಿಸುವ ಕ್ರಮವೇ ಇದು: ಕುಂಬಳಕಾಯಿ ಕೆಳಗೆ, ಟೊಮೇಟೊ ಮೇಲೆ. ಇದೇ ಉಲ್ಟಾ ಆಗಿ, ಚಳಿಯಲ್ಲಿ ಶುರುವಾದ ಹಿಮಪಾತ ಬೆಚ್ಚಗಾಗುತ್ತಾ ಹೋದರೆ ಟೊಮೇಟೊ ಮೇಲೆ ಕುಂಬಳಕಾಯಿ ಕೂರುತ್ತದೆ. ಅಂಥ ದಿನ ಸ್ಕೀ ಮಾಡಲೂ ಕಷ್ಟ, ಪದರ ಜಾರುವ ಭಯವೂ ಜಾಸ್ತಿ. ಹಾಗಾಗಿ ಎಷ್ಟು ಬೀಳುತ್ತದೆ ಅನ್ನುವುದರ ಜೊತೆ ಫ್ರೀಜಿಂಗ್ ಲೆವೆಲ್ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತಲೂ ನೋಡಿ.

ಇನ್ನು ಬುಧವಾರ. ಬಿಸಿಲು ಅಂತ ಇದೆ, ಆದರೆ ಗಾಳಿ 40. ಮೈನಸ್ 15ರಲ್ಲಿ ಅಷ್ಟು ಗಾಳಿ ಬೀಸಿದರೆ ಮುಖದ ಚರ್ಮಕ್ಕೆ ಅದು ಮೈನಸ್ 27ರ ಹಾಗೆ. ಫೇಸ್ 2 ತಡವಾಗಿ ತೆರೆಯಬಹುದು, ತೆರೆಯದೆಯೂ ಇರಬಹುದು. ನಾನಾದರೆ ಬುಧವಾರ ಕೊಂಗ್‌ಡೂರಿ, ಗುರುವಾರ ಅಫರ್ವಾತ್ ಅಂತ ಬರೆದುಕೊಳ್ಳುತ್ತೇನೆ.

ಹೆಜ್ಜೆ 4: ಎಷ್ಟು ದಿನ ಮುಂಚಿನ ಮಾತು ನಂಬಬೇಕು

ಗುಲ್ಮಾರ್ಗಿನ ಚಳಿಗಾಲದ ಹಿಮ ಬಹುಪಾಲು ಬರುವುದು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ನಿಂದ. ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಮೋಡದ ದಂಡು ಅದು. ಪೀರ್ ಪಂಜಾಲ್ ಬೆಟ್ಟಸಾಲಿಗೆ ಬಂದು ತಾಗಿದಾಗ ಗಾಳಿ ಮೇಲೇರುತ್ತದೆ, ತಣಿಯುತ್ತದೆ, ಹಿಮ ಸುರಿಯುತ್ತದೆ. ನಮ್ಮ ಮುಂಗಾರು ಪಶ್ಚಿಮ ಘಟ್ಟಕ್ಕೆ ತಾಗಿದ ಹಾಗೆಯೇ, ಆದರೆ ಒಂದು ವ್ಯತ್ಯಾಸ ಇದೆ. ಮುಂಗಾರು ಶುರುವಾದರೆ ವಾರಗಟ್ಟಲೆ. ಇದು ಒಂದೆರಡು ದಿನ ಸುರಿದು ಹೋಗುತ್ತದೆ, ಮುಂದಿನದು ಬರುವವರೆಗೆ ಕಾಯಬೇಕು. ಆ ಕಾಯುವಿಕೆ ನಾಲ್ಕು ದಿನವೂ ಆಗಬಹುದು, ನಾಲ್ಕು ವಾರವೂ ಆಗಬಹುದು.

ಈ ದಂಡು ದೂರದಿಂದ ಬರುವುದರಿಂದ ಆರೇಳು ದಿನ ಮೊದಲೇ ಮಾಡೆಲ್‌ಗಳಿಗೆ ಕಾಣುತ್ತದೆ. ಬರುತ್ತಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಎಷ್ಟು ಬೀಳುತ್ತದೆ ಅನ್ನುವುದು ಮೂರು ದಿನ ಮೊದಲು ಒಂದು ಮಟ್ಟಿಗೆ ತಿಳಿಯುತ್ತದೆ. ಹತ್ತು ದಿನದಾಚೆ ‘45 ಸೆಂ.ಮೀ.’ ಅಂತ ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡಿ. ವಿಂಡಿಯಂಥ ಆ್ಯಪ್‌ಗಳಲ್ಲಿ ಎರಡು ಮೂರು ಮಾಡೆಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಒಂದು 10, ಇನ್ನೊಂದು 60 ಅಂದರೆ ಯಾವುದೂ ಇನ್ನೂ ಗಟ್ಟಿಯಲ್ಲ. ದಿನಾ ನೋಡಿದಾಗ ಎರಡೂ ಹತ್ತಿರ ಬರುತ್ತಿದ್ದರೆ ನಂಬಿಕೆ ಇಡಬಹುದು.

ಶ್ರೀನಗರದ ಹವಾಮಾನ ಕೇಂದ್ರದ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅವರು ಆ ಕಣಿವೆ ಬಲ್ಲವರು. ಅವರ ಭಾಷೆ ಸ್ವಲ್ಪ ಸರ್ಕಾರಿ. ‘ಐಸೊಲೇಟೆಡ್’ ಅಂದರೆ ಆ ಪ್ರದೇಶದ ಕಾಲು ಭಾಗ ಕೇಂದ್ರಗಳಲ್ಲಿ ಮಾತ್ರ, ‘ಸ್ಕ್ಯಾಟರ್ಡ್’ ಅಂದರೆ ಅರ್ಧದವರೆಗೆ, ‘ಫೇರ್ಲಿ ವೈಡ್‌ಸ್ಪ್ರೆಡ್’ ಅಂದರೆ ಮುಕ್ಕಾಲು, ‘ವೈಡ್‌ಸ್ಪ್ರೆಡ್’ ಅಂದರೆ ಹೆಚ್ಚುಕಡಿಮೆ ಎಲ್ಲ ಕಡೆ. ಇದು ಎಷ್ಟು ಜಾಗದಲ್ಲಿ ಅನ್ನುವುದಕ್ಕೆ, ಎಷ್ಟು ಜೋರು ಅನ್ನುವುದಕ್ಕಲ್ಲ. ಜೋರಿಗೆ ಲೈಟ್, ಮಾಡರೇಟ್, ಹೆವಿ ಅನ್ನುವ ಪದಗಳು ಬೇರೆ. ಜೊತೆಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಬಣ್ಣಗಳು. ಇದು ನಮಗೂ ಗೊತ್ತಿರುವುದೇ, ಉಡುಪಿ, ದಕ್ಷಿಣ ಕನ್ನಡದವರಿಗೆ ಮಳೆಗಾಲದಲ್ಲಿ ಶಾಲೆಗೆ ರಜೆ ಸಿಗುವುದು ಇದೇ ಬಣ್ಣ ನೋಡಿ ಅಲ್ವಾ.

ಯಾವಾಗ ಹೋಗಬೇಕು ಅನ್ನುವುದು ಎಲ್ಲರ ಪ್ರಶ್ನೆ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲೈ ಕಲಾನ್’, ಕಾಶ್ಮೀರಿಗಳ ಪಾಲಿಗೆ ಚಳಿಯ ತುತ್ತತುದಿ. ಅದಾದ ಮೇಲೆ 20 ದಿನದ ಚಿಲ್ಲೈ ಖುರ್ದ್, 10 ದಿನದ ಚಿಲ್ಲೈ ಬಚ್ಚಾ. ಲೆಕ್ಕಕ್ಕೆ ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಒಳ್ಳೆಯ ಕಾಲ. ಕ್ರಿಸ್‌ಮಸ್ ರಜೆಯ ಹಿಮ ಲಾಟರಿ ಇದ್ದ ಹಾಗೆ. ಆದರೆ ಈಚೆಗೆ ಪಂಚಾಂಗ ಕೈಕೊಡುತ್ತಿದೆ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೆ ಗುಲ್ಮಾರ್ಗಿನ ಬಯಲು ಕಂದಾಗಿ ಬೋಳಾಗಿತ್ತು. 2025ರಲ್ಲಿ ಫೆಬ್ರುವರಿ 22ಕ್ಕೆ ಶುರುವಾಗಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಇಲ್ಲದೆ ಮುಂದೂಡಿ, ಮಾರ್ಚ್ 9ರಿಂದ 12ರವರೆಗೆ ನಡೆಸಿದರು. ಸರ್ಕಾರದ ಕೂಟಕ್ಕೇ ಹೀಗಾದರೆ ನಮ್ಮ ಪ್ಯಾಕೇಜ್ ಟೂರಿನ ‘ಗ್ಯಾರಂಟಿ ಸ್ನೋ’ ಎಷ್ಟರ ಮಟ್ಟಿನದು ಅಂತ ನೀವೇ ಯೋಚಿಸಿ. ದಿನಾಂಕ ಬದಲಿಸಬಹುದಾದ ಟಿಕೆಟ್‌ಗೆ ನಾಲ್ಕು ಕಾಸು ಜಾಸ್ತಿ ಹೋದರೂ ಪರವಾಗಿಲ್ಲ.

ಹೆಜ್ಜೆ 5: ಗಾಳಿಯ ಸಾಲನ್ನು ಹಾರಿಸಬೇಡಿ

ಎಲ್ಲರೂ ಹಿಮದ ಸಾಲು ನೋಡಿ ಆ್ಯಪ್ ಮುಚ್ಚುತ್ತಾರೆ. ಅಫರ್ವಾತಿನ ಮಟ್ಟಿಗೆ ಗಾಳಿಯೇ ಯಜಮಾನ. ಮೇಲೆ ಮರ ಇಲ್ಲ, ತಡೆ ಇಲ್ಲ. ಗಾಳಿ ಜೋರಾದರೆ ಕೇಬಲ್ಲಿನಲ್ಲಿ ತೂಗುವ ಕ್ಯಾಬಿನ್ ಓಡಿಸುವಂತಿಲ್ಲ. ಊರಲ್ಲಿ ಹೊಗೆ ನೆಟ್ಟಗೆ ಏಳುತ್ತಿದ್ದರೂ ತುದಿಯಲ್ಲಿ ಬಿರುಗಾಳಿ ಇರಬಹುದು. ಅದಕ್ಕೆ ತುದಿಯ ಸಾಲಿನ ಗಾಳಿಯನ್ನೇ ನೋಡಿ.

ಗಾಳಿಯ ಇನ್ನೊಂದು ಕೆಲಸ ಕಣ್ಣಿಗೆ ಬೀಳುವುದಿಲ್ಲ. ಬೀಸುವ ಕಡೆಯ ಇಳಿಜಾರಿನ ಹಿಮ ಹೆರೆದು, ಮರೆಯ ಕಡೆಗೆ ತಂದು ಪೇರಿಸುತ್ತದೆ. ಆಕಾಶದಿಂದ ಒಂದು ಹರಳೂ ಬೀಳದ ದಿನ ಮರೆಯ ಇಳಿಜಾರಿನಲ್ಲಿ ಅರ್ಧ ಮೀಟರ್ ಹೊಸ ಹಿಮ ಕೂತಿರಬಹುದು. ಗಾಳಿಯ ಹೊಡೆತಕ್ಕೆ ಹರಳಿನ ಕೈಕಾಲು ಮುರಿದು ಪುಡಿಯಾಗಿರುತ್ತವೆ. ಪುಡಿ ಒತ್ತಿಕೊಂಡು ಹಲಗೆಯಂತಾಗುತ್ತದೆ. ಮುಂದೆ ಹಿಮಕುಸಿತದ ಮಾತು ಬಂದಾಗ ಈ ಹಲಗೆ ಮತ್ತೆ ಬರುತ್ತದೆ.

ತುದಿಯಿಂದ ಬಿಳಿ ಬಾಲದ ಹಾಗೆ ಹಿಮ ಹಾರುತ್ತಿರುವುದು ಊರಿನಿಂದಲೇ ಕಂಡರೆ ಮೇಲೆ ಗಾಳಿ ಈ ಕೆಲಸ ಮಾಡುತ್ತಿದೆ ಅಂತ ಅರ್ಥ. ಯಾವ ದಿಕ್ಕಿಗೆ ಬಾಲ ಇದೆಯೋ ಆ ಕಡೆ ರಾಶಿ ಬೀಳುತ್ತಿದೆ.

ಹೆಜ್ಜೆ 6: ನೆಲದ ಮೇಲಿನ ಹಿಮದ ಜಾತಕ

‘ಸ್ನೋ ಡೆಪ್ತ್ 120 ಸೆಂ.ಮೀ.’ ಅಂದರೆ ಈ ಚಳಿಗಾಲದಲ್ಲಿ ಬಿದ್ದ ಒಟ್ಟು ಹಿಮ ಅಲ್ಲ. ಈಗ ಕೋಲು ನೆಟ್ಟರೆ ಸಿಗುವ ಆಳ. ಹೊಸ ಹಿಮ 40 ಬಿದ್ದರೆ ಆಳವೂ 40 ಏರಬೇಕಲ್ಲ ಅಂತ ಕೇಳಬೇಡಿ. ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ, ಅಡಿಯಲ್ಲಿರುವುದನ್ನೂ ಒತ್ತುತ್ತದೆ. ಹೊಸ ಹಿಮದ ಅಂಕಿ ಮಜಾಕ್ಕೆ, ಆಳದ ಅಂಕಿ ಕಲ್ಲು, ಪೊದೆ ಮುಚ್ಚಿದೆಯೋ ಇಲ್ಲವೋ ತಿಳಿಯುವುದಕ್ಕೆ.

ಕಾಲಿಗೆ ಸಿಗುವ ಹಿಮದಲ್ಲಿ ಹಲವು ಜಾತಿ. ಪೌಡರ್ ಬಗ್ಗೆ ಆಗಲೇ ಹೇಳಿದೆ. ಅದು ಚೆನ್ನ, ಆದರೆ ಹೊಸಬರಿಗೆ ಅಲ್ಲ. ಮೊಣಕಾಲುದ್ದದ ಪೌಡರಿನಲ್ಲಿ ಬಿದ್ದು ಕಳಚಿಕೊಂಡ ಸ್ಕೀ ಹುಡುಕಲು ಇಪ್ಪತ್ತು ನಿಮಿಷ ಅಗೆದ ಅನುಭವ ನನ್ನದು. ಕಲಿಯುವವರಿಗೆ ತುಳಿದು ಗಟ್ಟಿಯಾದ, ಮೇಲೆ ಒಂದೆರಡು ಬೆರಳು ಮೃದು ಇರುವ ಹಿಮವೇ ಮೇಲು. ‘ಕ್ರಸ್ಟ್’ ಅಂದರೆ ಮೇಲೆ ಹಪ್ಪಳದಂಥ ಗಟ್ಟಿ ಪದರ, ಕೆಳಗೆ ಮೆತ್ತಗೆ. ಬಿಸಿಲಿಗೆ ಕರಗಿ ರಾತ್ರಿ ಹೆಪ್ಪುಗಟ್ಟಿದಾಗ ಇದು ಬರುತ್ತದೆ, ಬರೀ ಗಾಳಿಯಿಂದಲೂ ಬರುತ್ತದೆ. ಹಪ್ಪಳ ಮುರಿದು ಕಾಲು ಒಳಗೆ ಹೋದರೆ ಮೊಣಕಾಲು ತಿರುಚುವುದು ಇಂಥಲ್ಲೇ.

ಮಾರ್ಚಿನಲ್ಲಿ ಹೋಗುವವರಿಗೆ ‘ಕಾರ್ನ್’ ಅನ್ನುವ ಪದ ಗೊತ್ತಿರಲಿ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವುದು ದಿನಗಟ್ಟಲೆ ನಡೆದರೆ ಹಿಮ ಚಿರೋಟಿ ರವೆಯಿಂದ ಬನ್ಸಿ ರವೆ ಆಗುತ್ತದೆ, ದುಂಡು ದುಂಡು ಕಾಳು. ಅದಕ್ಕೊಂದು ಹದ ಇದೆ. ಬೆಳಿಗ್ಗೆ ಬೇಗ ಹೋದರೆ ಗಾಜು. ಬಿಸಿಲು ಬಿದ್ದು ಮೇಲಿನ ಒಂದಿಂಚು ಸಡಿಲವಾದಾಗ ಬೆಣ್ಣೆ. ಆ ಹೊತ್ತು ಮೀರಿದರೆ ಗಂಜಿ. ಈ ಹದಕ್ಕಾಗಿ ರಾತ್ರಿಯ ಉಷ್ಣತೆ ನೋಡಿ. ಮೋಡ ಮುಚ್ಚಿ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯದಿದ್ದರೆ ಮರುದಿನ ಬೆಳಿಗ್ಗೆಯಿಂದಲೇ ಗಂಜಿ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ, ಒಣ ಹಿಮ ಅಲ್ಲಿ ಹೆಚ್ಚು ದಿನ ಉಳಿಯುತ್ತದೆ. ದಕ್ಷಿಣದ್ದು ಬೇಗ ಹದಗೆಡುತ್ತದೆ.

ಹೆಜ್ಜೆ 7: ಹಿಮಕುಸಿತದ ಎಚ್ಚರಿಕೆ, ಹವಾಮಾನದ್ದಲ್ಲ

ಹವಾಮಾನ ಮುನ್ಸೂಚನೆ ಚೆನ್ನಾಗಿದೆ ಅಂದರೆ ಬೆಟ್ಟ ಸುರಕ್ಷಿತ ಅಂತ ಅಲ್ಲ. ಹಿಮಕುಸಿತದ ಎಚ್ಚರಿಕೆಯೇ ಬೇರೆ. ಅದನ್ನು ಕೊಡುವುದು ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಅಡಿಯ, ಚಂಡೀಗಢದ ಡಿಜಿಆರ್‌ಇ ಅನ್ನುವ ಸಂಸ್ಥೆ. ಜಮ್ಮು–ಕಾಶ್ಮೀರದ ವಿಪತ್ತು ನಿರ್ವಹಣಾ ಪ್ರಾಧಿಕಾರವೂ ಅದನ್ನು ಪ್ರಕಟಿಸುತ್ತದೆ. ಜಿಲ್ಲೆಯ ಹೆಸರು, ಇಷ್ಟು ಮೀಟರಿಗಿಂತ ಮೇಲೆ, ಇಷ್ಟು ಅಪಾಯ ಅಂತ ಇರುತ್ತದೆ. ಗುಲ್ಮಾರ್ಗ್ ಇರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ. ಇದು ಗೊತ್ತಿಲ್ಲದೆ ‘ಗುಲ್ಮಾರ್ಗ್ ಹೆಸರೇ ಇಲ್ಲ, ಆರಾಮ’ ಅಂದವರನ್ನು ನೋಡಿದ್ದೇನೆ.

ಅಪಾಯ ಅತಿ ಹೆಚ್ಚು ಇರುವುದು ಹಿಮ ಸುರಿಯುತ್ತಿರುವಾಗ ಮತ್ತು ನಿಂತ ಮೇಲಿನ ಒಂದೆರಡು ದಿನ. ಅದೇ ಸ್ಕೀಯವರಿಗೆ ಅತಿ ಆಸೆಯ ಹೊತ್ತು ಕೂಡ. 30ರಿಂದ 45 ಡಿಗ್ರಿ ಇಳಿಜಾರು ಹೆಚ್ಚು ಜಾರುತ್ತದೆ, ಸ್ಕೀಯವರು ಹುಡುಕಿಕೊಂಡು ಹೋಗುವುದೂ ಅದನ್ನೇ. ಗಾಳಿ ಪೇರಿಸಿದ ಆ ಹಲಗೆ ಕೆಳಗಿನ ಸಡಿಲ ಪದರದ ಮೇಲೆ ಸುಮ್ಮನೆ ಕೂತಿರುತ್ತದೆ. ಒಬ್ಬ ಮನುಷ್ಯನ ಭಾರ ಸಾಕು. 2023ರ ಫೆಬ್ರುವರಿ 1ರಂದು ಅಫರ್ವಾತಿನಲ್ಲಿ ಪೋಲೆಂಡಿನ ಇಬ್ಬರು ಸತ್ತರು. 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು. ಎರಡೂ ಸಲ ಜೋರು ಹಿಮ ಬಿದ್ದ ಬೆನ್ನಿಗೇ, ಸ್ಕೀ ಮಾಡಲು ಹೋದವರೇ. 2010ರ ಫೆಬ್ರುವರಿ 8ರಂದು ಗುಲ್ಮಾರ್ಗ್ ಪಕ್ಕದ ಖಿಲನ್‌ಮರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೇನೆಯ 17 ಮಂದಿ ಸತ್ತರು. ಅವರು ಬೆಟ್ಟ ಗೊತ್ತಿಲ್ಲದವರಲ್ಲ.

ಗೊಂಡೋಲಾ ಸುತ್ತಲಿನ ಗುರುತು ಮಾಡಿದ ಜಾಗವನ್ನು ಅಲ್ಲಿನ ಸ್ಕೀ ಗಸ್ತು ತಂಡ ತಪಾಸಣೆ ಮಾಡಿ ಬಿಡುತ್ತದೆ. ಆ ಜಾಗದ ಅಂಚಿನ ಹಗ್ಗದಾಚೆ ಯಾರ ಜವಾಬ್ದಾರಿಯೂ ಇಲ್ಲ. ಅಪಾಯದ ಮಟ್ಟ ಐದರಲ್ಲಿ ಮೂರು ಅಂದರೆ ‘ಮಧ್ಯಮ, ಅರ್ಧಕ್ಕರ್ಧ’ ಅಂತ ನಮ್ಮ ಪರೀಕ್ಷೆ ಅಂಕದ ಲೆಕ್ಕದಲ್ಲಿ ಓದಬೇಡಿ. ಮೂರು ಅಂದರೆ ಮನುಷ್ಯ ಕಾಲಿಟ್ಟರೆ ಜಾರುವ ಸಾಧ್ಯತೆ ಚೆನ್ನಾಗಿಯೇ ಇದೆ. ಹೂತುಹೋದವರು ಬದುಕುವುದು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ. ಊರಿನಿಂದ ಸಹಾಯ ಬರಲು ಅಷ್ಟು ಹೊತ್ತು ಸಾಲದು. ಟ್ರಾನ್ಸೀವರ್ (ಹೂತವರು ಎಲ್ಲಿದ್ದಾರೆ ಅಂತ ತೋರಿಸುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ, ಅದನ್ನು ಬಳಸಲು ಬರುವ ಜೊತೆಗಾರ, ಸ್ಥಳೀಯ ಗೈಡ್, ಇವಿಷ್ಟೂ ಇಲ್ಲದೆ ಹಗ್ಗ ದಾಟುವ ಮಾತೇ ಬೇಡ.

ಹೆಜ್ಜೆ 8: ರಸ್ತೆ ಮತ್ತು ಫೋನು

ಹಿಮ ಬೀಳುವ ದಿನ ನಿಮಗೆ ಮೊದಲು ಬೇಕಾದದ್ದು ಸ್ಕೀ ಅಲ್ಲ, ದಾರಿ. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ., ತಂಗ್‌ಮರ್ಗ್‌ನಿಂದ ಮೇಲೆ, ಘಾಟಿ. ಹಿಮ ಬಿದ್ದರೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಯೇ ಬೇಕು. ನಿಮ್ಮ ಟ್ಯಾಕ್ಸಿ ತಂಗ್‌ಮರ್ಗ್‌ನಲ್ಲಿ ನಿಂತುಬಿಟ್ಟರೆ ಗಾಬರಿ ಬೇಡ, ಅಲ್ಲಿಂದ ಬೇರೆ ಗಾಡಿ ಹಿಡಿಯಬೇಕು. ಹಾಗಾಗಿ ಹಿಮ ಬೀಳುವ ಮುಂಚಿನ ದಿನ ಸಂಜೆಯೊಳಗೆ ಮೇಲೆ ತಲುಪಿಬಿಡಿ. ವಾಪಸಿಗೆ ಒಂದು ದಿನ ಕೈಯಲ್ಲಿ ಇಟ್ಟುಕೊಳ್ಳಿ. ಹಿಮ ಬಿದ್ದರೆ ಶ್ರೀನಗರದ ವಿಮಾನಗಳೂ ರದ್ದಾಗುತ್ತವೆ.

ಇನ್ನೊಂದು ಮಾತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು–ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಬೇಕು. ಇಷ್ಟೆಲ್ಲ ಓದಿ ಕಲಿತು ಅಲ್ಲಿ ಮುನ್ಸೂಚನೆ ತೆರೆಯಲು ನೆಟ್ಟೇ ಇಲ್ಲ ಅಂದರೆ ಹೇಗಿರುತ್ತೆ ಹೇಳಿ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಲೇಕ್ ಟಾಹೋಗೆ ಹೋಗುವ ನಮ್ಮವರಿಗೂ ಇದೇ ಲೆಕ್ಕ ನಡೆಯುತ್ತದೆ, ಎತ್ತರ ಮಾತ್ರ ಬದಲಿಸಿಕೊಳ್ಳಿ. ಕೆರೆಯ ಮಟ್ಟ ಸುಮಾರು 1,900 ಮೀಟರ್. ಪೆಸಿಫಿಕ್ ಕಡೆಯಿಂದ ಬರುವ ಮೋಡ ಬೆಚ್ಚಗಿರುತ್ತದೆ, ಬೀಳುವ ಹಿಮ ಎಷ್ಟು ಭಾರ ಅಂದರೆ ಅದಕ್ಕೆ ಅಲ್ಲಿಯವರು ‘ಸಿಯೆರಾ ಸಿಮೆಂಟ್’ ಅಂತಲೇ ಹೆಸರಿಟ್ಟಿದ್ದಾರೆ. ಫ್ರೀಜಿಂಗ್ ಲೆವೆಲ್ ಅಲ್ಲಿ ಇನ್ನೂ ಮುಖ್ಯ.

ಆ ದಿನ ಬೆಳಿಗ್ಗೆ

ಎದ್ದ ಕೂಡಲೇ ಫೋನ್ ಬೇಡ, ಕಿಟಕಿ ನೋಡಿ. ಎದುರಿನ ಬೇಲಿ ಕಂಬದ ಮೇಲೆ ಟೋಪಿಯ ಹಾಗೆ ಹಿಮ ಕೂತಿದ್ದರೆ ಅದರ ಎತ್ತರವೇ ರಾತ್ರಿಯ ಲೆಕ್ಕ. ಟೋಪಿ ನೆಟ್ಟಗಿದ್ದರೆ ಗಾಳಿ ಇರಲಿಲ್ಲ, ಒಂದು ಕಡೆ ವಾಲಿದ್ದರೆ ಇತ್ತು. ಹೊರಗೆ ಹೋಗಿ ಒಂದು ಹಿಡಿ ಹಿಮ ಎತ್ತಿ ಉಂಡೆ ಕಟ್ಟಿ. ಉಂಡೆ ನಿಲ್ಲದೆ ಉದುರಿದರೆ ಒಣ ಹಿಮ, ಇವತ್ತು ಹಬ್ಬ. ಸಲೀಸಾಗಿ ಉಂಡೆಯಾದರೆ ಒದ್ದೆ, ಮಧ್ಯಾಹ್ನದೊಳಗೆ ಮುಗಿಸಿ.

ಆಮೇಲೆ ಹೋಟೆಲಿನ ಅಡುಗೆಯವರನ್ನೋ ಸ್ಕೀ ಬಾಡಿಗೆ ಕೊಡುವವರನ್ನೋ ಕೇಳಿ. ಕಾಶ್ಮೀರಿಯಲ್ಲಿ ಹಿಮಕ್ಕೆ ‘ಶೀನ್’ ಅನ್ನುತ್ತಾರೆ. ‘ಶೀನ್ ಹೇಗಿದೆ ಭಾಯ್?’ ಅಂತ ಮುರುಕು ಹಿಂದಿಯಲ್ಲಿ ಕೇಳಿದರೂ ನಕ್ಕು ಉತ್ತರ ಕೊಡುತ್ತಾರೆ, ಅದೂ ಯಾವ ಮಾಡೆಲಿಗೂ ಸಿಗದಷ್ಟು ಕರಾರುವಾಕ್ಕಾಗಿ: ಆ ಮರದ ತನಕ ಚೆನ್ನಾಗಿದೆ, ಅಲ್ಲಿಂದ ಕೆಳಗೆ ಕಲ್ಲು.

ಇನ್ನು ಗೊಂಡೋಲಾ ಕೌಂಟರ್. ಫೇಸ್ 2 ಬಂದ್ ಅಂತ ಬೋರ್ಡ್ ಇದ್ದರೆ ಅಲ್ಲಿರುವವರ ಜೊತೆ ವಾದಕ್ಕೆ ನಿಲ್ಲಬೇಡಿ. ಹಿಂದಿನ ರಾತ್ರಿ ನೀವೇ ತುದಿಯ ಗಾಳಿ ನೋಡಿದ್ದರೆ ಬೋರ್ಡ್ ಓದುವ ಮುಂಚೆಯೇ ಗೊತ್ತಿರುತ್ತದೆ. ಸಾಲು ಬೆಳೆಯುವ ಮುಂಚೆ ಕೊಂಗ್‌ಡೂರಿಯ ಕ್ಯಾಬಿನ್ ಹತ್ತಿ.